ಚಾರ್ಜು ಉಳಿಸಿದ ಮಳೆಗಾಲ

ಹೋದ ವಾರ ಚನ್ನಗಿರಿ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಸಂತೆ ಕಡೆಗೆ ನಡೆಯುತ್ತಿದ್ದೆ. ದಾರಿಯಲ್ಲಿ ಹೊಸದಾಗಿ ಎದ್ದ ಒಂದು ಬ್ಯಾಟರಿ ಅಂಗಡಿ. ಮುಂದಿನ ಕಟ್ಟೆಯ ಮೇಲೆ ನಾಲ್ಕೈದು ಬ್ಯಾಟರಿಗಳನ್ನು ಸಾಲಾಗಿ ಇಟ್ಟು ಚಾರ್ಜಿಗೆ ಹಾಕಿದ್ದರು. ಮುಚ್ಚಳಗಳನ್ನು ಬಿಚ್ಚಿದ್ದರಿಂದ ಒಳಗಿನ ಆಸಿಡ್ಡು ಗುಳುಗುಳು ಅನ್ನುವುದು ಕೇಳುತ್ತಿತ್ತು. ಆ ಹುಳಿ ವಾಸನೆ ಮೂಗಿಗೆ ಹೊಡೆದದ್ದೇ ತಡ, ಅಲ್ಲೇ ಕೂತುಬಿಟ್ಟೆ. ಅಂಗಡಿಯವನು ಪಾಪ, ಚೊಂಬಲ್ಲಿ ನೀರು ತಂದ. "ಯಾಕ್ರೀ ಅಮ್ಮಾ, ತಲೆ ಸುತ್ತಿ ಬಂತೇನು?" ಅಂದ. "ಏನಿಲ್ಲಪ್ಪ, ಬಿಸಿಲಿಗೆ" ಅಂದೆ. ಮೋಡ ಮುಚ್ಚಿಕೊಂಡಿತ್ತು, ಬಿಸಿಲು ಎಲ್ಲಿತ್ತು!

ಮಳೆಗಾಲ ಅಂದರೆ ಜನಕ್ಕೆ ಮಣ್ಣಿನ ವಾಸನೆ ನೆನಪಾಗುತ್ತದಂತೆ. ನನಗೆ ಆ ಒಂದು ವರ್ಷದ ಮಳೆಗಾಲ ಪೂರ್ತಿ ಈ ಆಸಿಡ್ಡಿನ ವಾಸನೆ. ನನ್ನ ಸೀರೆಗಳಲ್ಲಿ ಇತ್ತು, ತಲೆದಿಂಬಿನಲ್ಲಿ ಇತ್ತು, ಎಷ್ಟು ತೊಳೆದರೂ ರೊಟ್ಟಿ ತಟ್ಟುವ ಕೈಯಲ್ಲೂ ಇತ್ತು.

ನಮ್ಮದು ಹಗ್ಗದ ವ್ಯಾಪಾರ. ಹಗ್ಗ, ಮಿಣಿ, ಮೂಗುದಾರ, ದನದ ಕೊರಳಿನ ಗಂಟೆ, ಮೀನಿನ ಬಲೆಗೆ ನೂಲು. ಜಗಳೂರು, ಹೊನ್ನಾಳಿ, ನ್ಯಾಮತಿ, ಚನ್ನಗಿರಿ ಹೀಗೆ ಸಂತೆಯಿಂದ ಸಂತೆಗೆ ತಿರುಗುವ ಬದುಕು. ಜಗಳೂರಿನಲ್ಲಿ ಶೀಟು ಹೊದಿಸಿದ ಮನೆ ಒಂದಿತ್ತು ಅನ್ನುವುದು ಹೆಸರಿಗೆ, ನಾವು ಇದ್ದದ್ದೆಲ್ಲ ವ್ಯಾನಿನಲ್ಲೇ. ಹಳೆಯ ಬಿಳಿ ವ್ಯಾನು ಅದು. ಯಾತ್ರೆಗೆ ತಿರುಗುವ ಯಾರೋ ಶ್ರೀಮಂತರು ಒಳಗೆ ಮಂಚ, ಅಡುಗೆ ಕಟ್ಟೆ, ನೀರಿನ ಟ್ಯಾಂಕು, ಫ್ಯಾನು, ಲೈಟು ಎಲ್ಲ ಮಾಡಿಸಿಕೊಂಡು, ಓಡಿಸಿ ಓಡಿಸಿ ಸಾಕಾಗಿ ಬಿಟ್ಟಿದ್ದನ್ನು ನಮ್ಮವರು ತಂದರು. ನಮ್ಮವರು ಅಂದರೆ ಸಿದ್ದಲಿಂಗಪ್ಪ, ಸಂತೆಯವರ ಬಾಯಲ್ಲಿ ಹಗ್ಗದ ಸಿದ್ದಣ್ಣ. ತಂದ ದಿನ ಮಂಚದ ಮೇಲೆ ಕೂತು, "ಗಿರಿಜಾ, ಇನ್ನು ನಿನಗೆ ಚಕ್ರ ಇರೋ ಮನೆ" ಅಂದಿದ್ದರು. ನಮಗೆ ಮಕ್ಕಳಾಗಲಿಲ್ಲ. ಇಬ್ಬರಿಗೆ ಆ ಮನೆ ಬೇಕಾದಷ್ಟಾಯಿತು.

ಆ ವ್ಯಾನಿಗೆ ಎರಡು ಬ್ಯಾಟರಿ. ಮುಂದಿನದು ಎಂಜಿನ್ ಎಬ್ಬಿಸುವುದಕ್ಕೆ. ಹಿಂದಿನದು ಮಂಚದ ಕೆಳಗೆ, ಮೂಲೆಯಲ್ಲಿ. ಅದು ನಮ್ಮ ಮನೆ ನಡೆಸುವುದಕ್ಕೆ, ಫ್ಯಾನಿಗೆ, ಲೈಟಿಗೆ. ಗಾಡಿ ಓಡುವಾಗ ಎರಡಕ್ಕೂ ಚಾರ್ಜು ಆಗುತ್ತಿತ್ತು. ಮೊದಲೆಲ್ಲ ನನಗೆ ಅದು ಅಲ್ಲಿದೆ ಅನ್ನುವುದೇ ನೆನಪಿರುತ್ತಿರಲಿಲ್ಲ.

ನಮ್ಮವರು ಹುಡುಗರಾಗಿದ್ದಾಗ ಅಪ್ಪನ ಜೊತೆ ಕಲ್ಲು ಪುಡಿ ಮಾಡುವ ಕ್ರಷರಿನಲ್ಲಿ ದುಡಿದವರು. ಆ ಪುಡಿ ಅಪ್ಪನನ್ನು ಆಗಲೇ ತಿಂದಿತ್ತು. ಮಗನ ಎದೆಯಲ್ಲಿ ಸುಮ್ಮನೆ ಕೂತಿದ್ದು ವಯಸ್ಸು ಐವತ್ತು ದಾಟಿದ ಮೇಲೆ ಎದ್ದಿತು. ಆ ಬೇಸಿಗೆ ದಾವಣಗೆರೆಯ ಆಸ್ಪತ್ರೆಯಲ್ಲಿ ಮಲಗಿಸಿಕೊಂಡರು. ಕೊನೆಗೆ ಡಾಕ್ಟರು ನನ್ನನ್ನು ಹೊರಗೆ ಕರೆದು, "ಇಲ್ಲಿ ಇಟ್ಟುಕೊಂಡು ನಾವು ಮಾಡುವುದು ಏನೂ ಉಳಿದಿಲ್ಲಮ್ಮ, ಆಕ್ಸಿಜನ್ ಮಿಷನ್ ಹಾಕಿಕೊಂಡು ಮನೆಯಲ್ಲಿ ಇರುವಷ್ಟು ದಿನ ಇರಲಿ" ಅಂದರು. ಒಳ್ಳೆಯ ಮನುಷ್ಯ, ಸುಳ್ಳು ಹೇಳಲಿಲ್ಲ. ಕರೆಂಟಿನಲ್ಲಿ ಓಡುವ, ಪುಟ್ಟ ಬೀರುವಿನಷ್ಟು ಎತ್ತರದ ಮಿಷನ್ ಒಂದನ್ನು ಕೊಟ್ಟು ಕಳಿಸಿದರು. ಅದರ ಕೊಳವೆ ಮೂಗಿನಲ್ಲಿದ್ದರೆ ನಮ್ಮವರು ಮಾತಾಡುತ್ತಿದ್ದರು, ಉಣ್ಣುತ್ತಿದ್ದರು, ನನ್ನ ಜೊತೆ ಜಗಳವನ್ನೂ ಆಡುತ್ತಿದ್ದರು. ಅದು ನಿಂತರೆ ಸ್ವಲ್ಪ ಹೊತ್ತಿಗೆ ತುಟಿ ನೇರಳೆ ಬಣ್ಣಕ್ಕೆ ತಿರುಗುತ್ತಿತ್ತು.

ಆಸ್ಪತ್ರೆ ಮೆಟ್ಟಿಲು ಇಳಿಯುವಾಗ ನನ್ನ ಕೈ ಹಿಡಿದು ನಿಂತರು.

"ಮತ್ತೆ ಇಲ್ಲಿಗೆ ಕರಕಂಡು ಬರಬ್ಯಾಡ ಗಿರಿಜಾ. ಇನ್ನೊಂದು ಮಾತು. ನಮ್ಮಪ್ಪ ಹೆಂಗೆ ಸತ್ತ ಅಂತ ನಿನಗೆ ಗೊತ್ತಲ್ಲ. ದಡಕ್ಕೆ ಬಿದ್ದ ಮೀನು ಬಾಯಿ ಬಿಟ್ಟಂಗೆ ಬಿಟ್ಟು ಬಿಟ್ಟು ಸತ್ತ. ನಾ ಪಕ್ಕದಾಗೇ ಕುಂತು ನೋಡೀನಿ. ಸಾಯದು ಹೆಂಗೂ ಸಾಯ್ತೀನಿ, ಆದ್ರೆ ಹಂಗೆ ಬ್ಯಾಡ."

"ಹಂಗೆ ಬಿಡಲ್ಲ, ನಡೀರಿ" ಅಂದೆ.

ಅಂದದ್ದು ಅಷ್ಟೇ. ಆದರೆ ಅವತ್ತಿನಿಂದ ನನ್ನ ತಲೆಯಲ್ಲಿ ಇದ್ದದ್ದು ಆ ಒಂದೇ ಮಾತು. ಅವರನ್ನು ಉಳಿಸಿಕೊಳ್ಳುತ್ತೇನೆ ಅನ್ನುವ ಹುಚ್ಚು ನನಗಿರಲಿಲ್ಲ. ಉಸಿರು ಕಟ್ಟಿಸಿ ಕಳಿಸುವುದಿಲ್ಲ ಅನ್ನುವ ಹಟ ಮಾತ್ರ ಇತ್ತು.

ಜಗಳೂರಿನ ಮನೆಯಲ್ಲಿ ಇರಲು ನೋಡಿದೆವು. ಸಂಜೆಯಾದರೆ ವೋಲ್ಟೇಜು ಇಳಿದು ಮಿಷನ್ ಕುಂಯ್ ಅಂತ ಕೂತುಬಿಡುತ್ತಿತ್ತು. ಅದೂ ಅಲ್ಲದೆ ನಮ್ಮವರು ಗೋಡೆ ನೋಡಿಕೊಂಡು ಕೂರುವ ಪೈಕಿ ಅಲ್ಲ. "ಸಂತೆಗೆ ಹೋಗಾನ. ನಾಲ್ಕು ಜನ ಮಾತಾಡ್ಸಿದ್ರೆ ಅದೇ ಅರ್ಧ ಉಸಿರು" ಅಂದರು. ಮಿಷನ್ ಅನ್ನು ವ್ಯಾನಿಗೆ ಹತ್ತಿಸಿದೆವು. ಮಂಚದ ಕೆಳಗಿನ ಬ್ಯಾಟರಿಗೆ ಒಂದು ಇನ್ವರ್ಟರ್ ಕೂರಿಸಿ, ಅದರಿಂದ ಮಿಷನ್‌ಗೆ ಕೊಟ್ಟೆವು. ಸ್ಟಿಯರಿಂಗ್ ನಾನು ಹಿಡಿದೆ. ಹೆಣ್ಣುಮಗಳು ವ್ಯಾನು ಓಡಿಸುತ್ತಾಳೆ ಅಂತ ಹೊನ್ನಾಳಿ ಸೇತುವೆ ಮೇಲೆ ಜನ ತಿರುತಿರುಗಿ ನೋಡುವರು. ನೋಡಲಿ, ನನಗೇನು!

ಓಡುತ್ತಿದ್ದಾಗ ಚಿಂತೆಯಿಲ್ಲ. ನಿಂತ ಮೇಲೆ ಎಲ್ಲಾದರೂ ಒಂದು ಪ್ಲಗ್ಗು ಬೇಕು. ನಿಂತಲ್ಲೇ ಎಂಜಿನ್ ಓಡಿಸೋಣ ಅಂದರೆ ಹಳೆಯ ಗಾಡಿ, ಹೊಗೆಯೆಲ್ಲ ಒಳಗೇ ನುಗ್ಗಿ ಅವರಿಗೆ ಕೆಮ್ಮು ಕಿತ್ತುಕೊಂಡು ಬರುತ್ತಿತ್ತು. ಹೊನ್ನಾಳಿಯಲ್ಲಿ ಹಿಟ್ಟಿನ ಗಿರಣಿಯವರು ಕರೆಂಟು ಕೊಟ್ಟರು, ನ್ಯಾಮತಿಯಲ್ಲಿ ಒಂದು ಸೈಕಲ್ ಅಂಗಡಿಯವರು. ವೈರು ವ್ಯಾನಿನ ತನಕ ಮುಟ್ಟದ ಕಡೆ ಬ್ಯಾಟರಿಯನ್ನೇ ಬಿಚ್ಚಿ ಹೊತ್ತುಕೊಂಡು ಹೋಗಿ ಚಾರ್ಜು ಮಾಡಿಸಿ ತರಬೇಕಿತ್ತು. ಅಷ್ಟು ಹೊತ್ತು ಮುಂದಿನ ಬ್ಯಾಟರಿಯಿಂದ ಮಿಷನ್‌ಗೆ ವೈರು ಎಳೆದಿರುತ್ತಿದ್ದೆವು.

ಬಿಚ್ಚುವುದನ್ನು ನಮ್ಮವರೇ ಕಲಿಸಿದರು. ನಾನು ಮಂಚದ ಕೆಳಗೆ ಅಂಗಾತ ತೂರಿಕೊಂಡು, ಅವರು ಮೇಲೆ ಮಲಗಿಕೊಂಡು.

"ಮೊದಲು ಮೈನಸ್ಸು ಬಿಚ್ಚು. ಕರಿ ವೈರು."

"ಗೊತ್ತಾತು ಬಿಡ್ರಿ."

"ಏನು ಗೊತ್ತಾತು? ಮೊದ್ಲು ಪ್ಲಸ್ಸಿಗೆ ಕೈ ಹಾಕಿ ಸ್ಪಾನರ್ ಗಾಡಿ ಮೈಗೆ ತಾಗಿದ್ರೆ ಚಟ್ ಅಂತ ಕಿಡಿ ಬರ್ತದೆ, ನಿನ್ನ ಕಣ್ಣಿಗೇ ಹಾರ್ತದೆ. ಹಾಕೋವಾಗ ಉಲ್ಟಾ. ಮೊದ್ಲು ಪ್ಲಸ್ಸು, ಕಡೀಗೆ ಮೈನಸ್ಸು."

"ಅಯ್ಯೋ, ನನ್ನ ಕಲಿಸಿ ಏನು ಡ್ರೈವರ್ ಕೆಲಸಕ್ಕೆ ಕಳಿಸ್ತೀರೇನು?"

"ಇಲ್ಲ. ನಾ ಇಲ್ದಾಗ ನೀನು ಗಾಡೀನ ಹಾಳುಮಾಡಬಾರದು ಅಂತ."

ಅವರು ಹಾಗೇ. ಚುಚ್ಚುವ ಮಾತನ್ನು ಹೂವು ಕೊಟ್ಟ ಹಾಗೆ ಕೊಡುವರು. ನಾನು ಮಂಚದ ಕೆಳಗೇ ಸೆರಗಿನಿಂದ ಕಣ್ಣು ಒರೆಸಿಕೊಂಡು ಹೊರಗೆ ಬಂದೆ. ಆಸಿಡ್ಡಾದ ಸೆರಗು, ಕಣ್ಣು ಉರಿದು ಉರಿದು ಬೋಂಡದಂತೆ ಊದಿಕೊಂಡಿತು. ಅದಕ್ಕೂ ನಕ್ಕರು, ನಕ್ಕು ಕೆಮ್ಮಿದರು.

ಬ್ಯಾಟರಿ ಏನು ಹಗುರವೇ? ಎತ್ತಲು ಹೋದರೆ ಸೊಂಟ ಹಿಡಿದುಕೊಳ್ಳುವುದು. ನಮ್ಮವರು ದಪ್ಪ ನೂಲಿನಿಂದ ಅದಕ್ಕೊಂದು ನೆಲುವು ಹೆಣೆದುಕೊಟ್ಟರು; ಹಿಂದೆ ಮೊಸರಿನ ಮಡಿಕೆಯನ್ನು ಮಾಡಿಗೆ ತೂಗು ಹಾಕುತ್ತಿದ್ದರಲ್ಲ, ಅಂಥದ್ದೇ. ಹೆಣೆಯುವುದಕ್ಕೆ ಅವರಿಗೆ ಒಂದು ವಾರ ಹಿಡಿಯಿತು. ನಾಲ್ಕು ಗಂಟು ಹಾಕಿದರೆ ಕೈ ಇಳಿಬಿಟ್ಟು ಉಸಿರು ಹುಡುಕುವರು. "ಕೊಡ್ರಿ ಇತ್ಲಾಗೆ, ನಾ ಹೆಣೀತೀನಿ" ಅಂದರೆ, "ನಿನ್ನ ಗಂಟು ನಂಬಿ ಬ್ಯಾಟ್ರಿ ಎತ್ತಿದ್ರೆ ಕಾಲ ಮೇಲೆ ಬೀಳ್ತದೆ" ಅನ್ನುವರು. ಅದರೊಳಗೆ ಬ್ಯಾಟರಿ ಇಟ್ಟು ಹೆಗಲಿಗೆ ಹಾಕಿಕೊಂಡು ನಾನು ನ್ಯಾಮತಿಯ ಕೆಸರಿನ ರಸ್ತೆಯಲ್ಲಿ ನಡೆಯುತ್ತಿದ್ದೆ. ಯಾರಾದರೂ "ಏನಮ್ಮ ಅದು?" ಅಂದರೆ, "ನಮ್ಮವರ ಉಸಿರು" ಅಂತ ಹೇಳಿಬಿಡುತ್ತಿದ್ದೆ.

ಆ ಮಳೆಗಾಲ ಪೂರ್ತಿ ನಾವು ಮಾಡಿದ್ದು ಒಂದೇ ಸಂಸಾರ: ಚಾರ್ಜು ಉಳಿಸುವುದು. ಫ್ಯಾನು ಹಾಕುವಂತಿಲ್ಲ. ಲೈಟು ಹಾಕುವಂತಿಲ್ಲ. ನಾನು ಕತ್ತಲಲ್ಲೇ ಕೈಯಂದಾಜಿನಲ್ಲಿ ಸಾರಿಗೆ ಉಪ್ಪು ಹಾಕಿ, ಎರಡೆರಡು ಸಲ ಹಾಕುವೆ, ಅವರು ಅದನ್ನೇ ಸುರಿದುಕೊಂಡು ಉಣ್ಣುವರು. ಫೋನು ಚಾರ್ಜಿಗೆ ಹಾಕುವುದು ಕಂಡವರ ಮನೆಯಲ್ಲಿ. ಸೊಳ್ಳೆ ಕಚ್ಚಿದರೆ ಬೀಸಣಿಗೆ. ಒಂದು ದಿನ ಹೊನ್ನಾಳಿಯಲ್ಲಿ ಹೊಳೆ ತುಂಬಿ ಊರೆಲ್ಲ ಥಂಡಿ ಹಿಡಿದು ಕೂತಿತ್ತು. ನಾನು ಹರಿದ ಗೋಣಿಯಲ್ಲಿ ಬಿದ್ದ ಗಂಟೆ ಹುಡುಕಲು ಒಂದು ಗಳಿಗೆ ಲೈಟು ಹಾಕಿದೆ.

"ಆರ್ಸು ಗಿರಿಜಾ."

"ಒಂದು ನಿಮಿಷಕ್ಕೆ ಏನಾಗ್ತದ್ರೀ?"

"ಒಂದು ನಿಮಿಷದ ಬೆಲೆ ನಿನಗೆ ಗೊತ್ತಿಲ್ಲ. ನನಗೆ ಗೊತ್ತೈತೆ."

ನಾನು ಆರಿಸಿದೆ. ಗಂಟೆ ಹಾಳಾಗಿ ಹೋಗಲಿ ಅಂತ ಗೋಣಿಯನ್ನು ಮೂಲೆಗೆ ಒದ್ದೆ. ಅವರ ಮೇಲೆ ಸಿಟ್ಟು ಬಂದಿತ್ತೋ, ಆ ಮಿಷನ್‌ನ ಮೇಲೋ, ದೇವರ ಮೇಲೋ, ಗೊತ್ತಾಗಲಿಲ್ಲ. ಹೊರಗೆ ಹೋಗಿ ಮಳೆಯಲ್ಲಿ ನಿಂತು ಜೋರಾಗಿ ಅತ್ತೆ. ಮಳೆಯ ಸದ್ದಿಗೆ ಯಾರಿಗೂ ಕೇಳಿಸಲಿಲ್ಲ.

ಶ್ರಾವಣ ಕಳೆಯುವ ಹೊತ್ತಿಗೆ ಬ್ಯಾಟರಿಯೂ ಸೋತಿತ್ತು. ರಾತ್ರಿಯಿಡೀ ಚಾರ್ಜು ಹಾಕಿದರೂ ಮಿಷನ್ ಅನ್ನು ಹೆಚ್ಚು ಹೊತ್ತು ಎಳೆಯುತ್ತಿರಲಿಲ್ಲ, ಪೀ ಪೀ ಅಂತ ಕೂಗಲು ಶುರು ಮಾಡುವುದು. ಚನ್ನಗಿರಿಯಲ್ಲಿ ಪರಮೇಶಿ ಅಂತ ನಮ್ಮವರ ಹಳೆಯ ದೋಸ್ತು, ಬ್ಯಾಟರಿ ಅಂಗಡಿ ಇಟ್ಟವನು. ಗಾಜಿನ ಪಿಚಕಾರಿಯಲ್ಲಿ ಆಸಿಡ್ಡು ಎಳೆದು ನೋಡಿ ಮುಖ ಸಣ್ಣಗೆ ಮಾಡಿಕೊಂಡ. "ಅಕ್ಕಾ, ಇದರಾಗೆ ಜೀವ ಇಲ್ಲ. ಪ್ಲೇಟೆಲ್ಲ ಉದುರ್ಯಾವೆ. ಹೊಸಾದು ತರಸ್ತೀನಿ, ಆಸಿಡ್ ತುಂಬಿ ಮೊದಲ್ನೇ ಚಾರ್ಜು ನಿಧಾನಕ್ಕೆ ಹಾಕಬೇಕು. ಹಬ್ಬದ ಹೊತ್ತಿಗೆ ಕೊಡ್ತೀನಿ" ಅಂದ. ಹಬ್ಬ ಅಂದರೆ ದಸರಾ.

ಹಬ್ಬದ ಮುಂಚೆ ನಾವು ಸೂಳೆಕೆರೆಗೆ ಬಂದೆವು. ಕೆರೆ ಅಂಚಿನಲ್ಲಿ ಮೀನು ಹಿಡಿಯುವ ನಾಗರಾಜನ ಮನೆ. ನಮ್ಮಲ್ಲಿ ಬಲೆಯ ನೂಲು ಒಯ್ಯುತ್ತ ಒಯ್ಯುತ್ತ ಅವನೂ ಅವನ ಹೆಂಡತಿ ಗಂಗಮ್ಮನೂ ನಮಗೆ ಸ್ವಂತದವರೇ ಆಗಿದ್ದರು. ಮನೆ ಪಕ್ಕ ವ್ಯಾನು ನಿಲ್ಲಿಸಿಕೊಂಡು ಕರೆಂಟು ಕೊಟ್ಟಿದ್ದರು. ಆಯುಧಪೂಜೆಯ ಹಿಂದಿನ ದಿನ ಪರಮೇಶಿಯ ಫೋನು ಬಂತು: ಚಾರ್ಜು ಮುಗಿದಿದೆ, ಬಂದು ತೆಗೆದುಕೊಂಡು ಹೋಗಿ. ನಾನು ಚಪ್ಪಲಿ ಮೆಟ್ಟಿದ್ದೆ. ನಮ್ಮವರು ಫೋನು ಕಿತ್ತುಕೊಂಡರು.

"ಪರಮೇಶಿ, ಅದನ್ನ ಕೊಡಬ್ಯಾಡ. ನಾಳೆ ನಿಮ್ಮ ಅಂಗಡೀಲಿ ಎಲ್ಲಾದರ ಜತೆ ನಮ್ಮದನ್ನೂ ಪೂಜೆಗೆ ಕೂರ್ಸು. ನಾಡಿದ್ದು ಬಂದು ಒಯ್ತೀವಿ."

ಫೋನು ಇಟ್ಟ ಮೇಲೆ ನಾನು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅವರು ವಿಭೂತಿ ಹಚ್ಚದೆ ಹೊರಗೆ ಕಾಲಿಡದವರು, ಅದು ನನಗೆ ಗೊತ್ತು. ಪ್ರತಿ ವರ್ಷ ವ್ಯಾನು ತೊಳೆದು, ತಕ್ಕಡಿ, ಕತ್ತರಿ, ಕಡೆಗೆ ನನ್ನ ಈಳಿಗೆ ಮಣೆಗೂ ಮೂರು ಬೆರಳು ಬೂದಿ ಎಳೆದು, ಮರುದಿನದವರೆಗೆ ಯಾವುದನ್ನೂ ಮುಟ್ಟಗೊಡುತ್ತಿರಲಿಲ್ಲ. "ಅನ್ನ ಕೊಡೋ ಸಾಮಾನಿಗೆ ವರ್ಷಕ್ಕೆ ಒಂದಿನ ರಜ ಕೊಡಬೇಕು" ಅನ್ನುವರು. ಅದೆಲ್ಲ ಸರಿ. ಆದರೆ ಇದು?

"ಇದು ನನಗೆ ಅನ್ನಕ್ಕಿಂತ ಹೆಚ್ಚಿಂದು ಕೊಡಾದು" ಅಂದರು. "ಪೂಜೆ ಆಗದೆ ಹಂಗೇ ಹತ್ತಿಸಬಾರದು. ಒಂದು ದಿನದ ಮಾತು. ನಾಗರಾಜನ ಮನೇಲಿ ಕರೆಂಟೈತಲ್ಲ."

ಹೌದು, ಕರೆಂಟಿತ್ತು. ಅವತ್ತು ಸಂಜೆಯವರೆಗೆ ಇತ್ತು.

ಸಂಜೆ ಕೆರೆ ಕಡೆಯಿಂದ ಗಾಳಿ ಎದ್ದು, ಹಿಂದೆಯೇ ಮಳೆ ಸುರಿಯಿತು. ಎಲ್ಲೋ ಮರ ಬಿದ್ದು ಲೈನು ಹರಿಯಿತು. ಹಳೆಯ ಬ್ಯಾಟರಿ ಎಳೆದಷ್ಟು ಎಳೆದು ಕೂಗಿಕೊಂಡಿತು. ಗಾಡಿ ಎಬ್ಬಿಸಿ ಚನ್ನಗಿರಿಗೆ ಹೊರಡೋಣ ಅಂದೆ. "ಹಬ್ಬದ ಹೊತ್ನಾಗೆ ಪೂಜೆ ಆಗದೆ ಗಾಡಿ ಎಬ್ಬಸಬ್ಯಾಡ. ಕರೆಂಟ್ ಈಗ ಬರ್ತದೆ. ಮುಂದಿನ ಬ್ಯಾಟ್ರಿಯಿಂದ ವೈರು ಕೊಡು" ಅಂದರು. ಕೊಟ್ಟೆ. ಬೆಳಗಾಯಿತು, ಕರೆಂಟು ಬರಲಿಲ್ಲ. ನಾನು ಇನ್ನು ಇವರ ಮಾತು ಕೇಳಬಾರದು ಅಂತ ಹೋಗಿ ಕೀಲಿ ತಿರುಗಿಸಿದರೆ ಗಾಡಿ ಟಕ್ ಅಂತು, ಅಷ್ಟೇ. ಮುಂದಿನದನ್ನೂ ಮಿಷನ್ ಹೀರಿಕೊಂಡುಬಿಟ್ಟಿತ್ತು. ನಾಗರಾಜನೂ ಪಕ್ಕದ ಮನೆಯವರೂ ತಳ್ಳಿ ನೋಡಿದರು. ಕೆಸರಿನಲ್ಲಿ ಚಕ್ರ ಅರ್ಧ ಹೂತಿತ್ತು, ಅಲುಗಾಡಲಿಲ್ಲ. ಆ ನಾಲ್ಕಾರು ಮನೆಗಳಲ್ಲಿ ಟ್ರ್ಯಾಕ್ಟರ್ ಇದ್ದವರು ಯಾರೂ ಇಲ್ಲ. ಬೈಕಿನ ಪುಟಾಣಿ ಬ್ಯಾಟರಿ ಈ ಮಿಷನ್‌ಗೆ ಯಾವ ಮೂಲೆಗೆ?

ಹೊತ್ತು ಏರಿದ ಹಾಗೆ ಮಿಷನ್ ಪೂರ್ತಿ ನಿಂತಿತು. ಅದು ನಿಂತಾಗ ವ್ಯಾನಿನೊಳಗೆ ಎಂಥ ಮೌನ ಅಂತೀರಿ! ನಾನು, "ಆಸ್ಪತ್ರೆಗೆ ಹೋಗಾನ ರೀ, ಆಂಬುಲೆನ್ಸ್ ಕರೆಸ್ತೀನಿ" ಅಂದೆ. ಮಾತಾಡಲು ಆಗಲಿಲ್ಲ, ತಲೆ ಅಡ್ಡಡ್ಡ ಆಡಿಸಿ ನನ್ನ ಮುಂಗೈ ಹಿಡಿದುಕೊಂಡರು. ಹಿಡಿದ ಬೆರಳಿನ ಉಗುರು ಆಗಲೇ ನೀಲಿ. ಪರಮೇಶಿಗೆ ಫೋನು ಮಾಡಿದರೆ ಎತ್ತಲಿಲ್ಲ. ಗಂಗಮ್ಮನ ಕೈಗೆ ಬೀಸಣಿಗೆ ಕೊಟ್ಟು, ಬೆನ್ನಿಗೆ ದಿಂಬು ಇಟ್ಟು ಕೂರಿಸಿ, "ಬಾಯಿ ಒಣಗಿದ್ರೆ ನೀರು ಮುಟ್ಟಿಸವ್ವ" ಅಂತ ಹೇಳಿ ನಾಗರಾಜನ ಬೈಕು ಹತ್ತಿದೆ.

ದಾರಿಯುದ್ದಕ್ಕೂ ಎಲ್ಲ ಗಾಡಿಗಳಿಗೆ ಬಾಳೆಕಂದು, ಚೆಂಡುಹೂವು. ಮನೆ ಮುಂದೆ ಕುಂಬಳಕಾಯಿ ಒಡೆದು ಕುಂಕುಮ ಚೆಲ್ಲಿದ್ದರು. ಹಬ್ಬ ಮಾಡುವ ಜನರ ಮೇಲೆ ನನಗೆ ಅಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ. ಪಾಪ, ಅವರೇನು ಮಾಡಿದ್ದರು ನನಗೆ?

ಪರಮೇಶಿಯ ಅಂಗಡಿಯಲ್ಲಿ ಆಗ ತಾನೆ ಮಂಗಳಾರತಿ ಮುಗಿದಿತ್ತು. ಗೋಡೆ ಉದ್ದಕ್ಕೂ ಹಲಗೆ ಹಾಕಿ ಬ್ಯಾಟರಿಗಳನ್ನು ಸಾಲಾಗಿ ಕೂರಿಸಿದ್ದರು. ಎಲ್ಲಕ್ಕೂ ಮೂರು ಪಟ್ಟೆ ವಿಭೂತಿ, ನಡುವೆ ಕುಂಕುಮ, ಮೇಲೆ ಹೂವು. ಮೂಲೆಯಲ್ಲಿ ಹೊಸದು, ನಮ್ಮದು. ಅದಕ್ಕೆ ದೊಡ್ಡ ಹಾರ. ಪರಮೇಶಿ ಮಡಿ ಪಂಚೆಯಲ್ಲಿದ್ದ. ಬಾಗಿಲ ಪಕ್ಕ ಅವನ ತಾಯಿ ಹಾಲಮ್ಮಜ್ಜಿ ಕೂತಿದ್ದರು.

"ಪರಮೇಶಿ, ಬ್ಯಾಟ್ರಿ ಕೊಡಪ್ಪ. ಕರೆಂಟಿಲ್ಲ, ಎರಡೂ ಬ್ಯಾಟ್ರಿ ಕುಂತಾವೆ, ಮಿಷನ್ ನಿಂತೈತೆ."

ಅವನು ಗಾಬರಿಯಲ್ಲಿ ಎದ್ದ. ಬ್ಯಾಟರಿಯ ತನಕ ಹೋದ, ಅಲ್ಲೇ ನಿಂತ. "ಅಕ್ಕಾ, ಕೂರಿಸಿಬಿಟ್ಟೀನಲ್ಲ... ಈಗ ತಾನೆ ಆರತಿ ಆತು. ನಾಳೆ ಬನ್ನಿ ಮುಡಿಯೋ ಮಟ ಎತ್ತಾಂಗಿಲ್ಲ" ಅಂತ ತಾಯಿಯ ಕಡೆ ನೋಡಿದ.

"ಎತ್ತಾಂಗಿಲ್ಲ" ಅಂದರು ಅಜ್ಜಿ. "ಸಿದ್ದಣ್ಣನೇ ಹೇಳಿ ಕೂರ್ಸಿದ್ದು."

ಆಮೇಲೆ ನಾನು ಏನಂದೆ ಅಂತ ಪೂರ್ತಿ ನೆನಪಿಲ್ಲ. ಜೋರಾಗಿ ಅಂದೆ, ಬೀದಿಯವರು ಬಾಗಿಲಿಗೆ ಬಂದು ನಿಂತರು. "ನಿಮ್ಮ ಪೂಜೆ ನಾಳೆನೂ ಇರ್ತದೆ ಬರೋ ವರ್ಷನೂ ಇರ್ತದೆ. ನಮ್ಮವರು ಸಂಜೀಗೆ ಇರಲ್ಲ. ಅವರು ಹೇಳಿದ್ದು ಅಂತೀರಲ್ಲ, ಅವರಿಗೆ ಈಗ ಹೇಳಾಕೆ ಉಸಿರಿಲ್ಲ!" ಅಂದದ್ದು ಮಾತ್ರ ನೆನಪಿದೆ. ಚಪ್ಪಲಿ ಕಾಲಲ್ಲೇ ಒಳಗೆ ನುಗ್ಗಿ ಆ ಹಾರಕ್ಕೆ ಕೈ ಹಾಕಿದೆ.

"ನಿಲ್ಲವ್ವ" ಅಂದರು ಹಾಲಮ್ಮಜ್ಜಿ.

ಮೊಣಕಾಲ ಮೇಲೆ ಕೈಯೂರಿ ಎದ್ದರು. ನನ್ನ ಮುಖಕ್ಕೆ ಮುಖ ತಂದು, "ಉಸಿರೈತಾ ಇನ್ನ?" ಅಂದರು.

"ನಾ ಬರೋವಾಗ ಇತ್ತು."

"ಕಸಕಂಡು ಹೋದ್ರೆ ಅವನು ಹಾಕ್ಕಳ್ಳಲ್ಲ. ನನಗೆ ಗೊತ್ತಿಲ್ವಾ ಸಿದ್ದಣ್ಣ? ತಡಿ." ಮಗನ ಕಡೆ ತಿರುಗಿದರು. "ಪರಮೇಶಿ, ಇನ್ನೊಂದು ಕರ್ಪೂರ ಹಚ್ಚು."

ಪೂಜೆ ಮುಗಿಸುವಾಗ ಕಲಶವನ್ನು ಮುಟ್ಟಿ ಇಷ್ಟು ಸರಿಸುತ್ತಾರಲ್ಲ, ಕದಲಿಸುವುದು ಅನ್ನುತ್ತಾರೆ ಅದಕ್ಕೆ. ಕದಲಿಸಿದರೆ ದೇವರು ಎದ್ದ ಹಾಗೆ. ಅಜ್ಜಿ ಮೊದಲು ಕಲಶ ಕದಲಿಸಿದರು. ಆಮೇಲೆ ಗೋಡೆ ಹಿಡಿದುಕೊಂಡು ಆ ತುದಿಯಿಂದ ಈ ತುದಿಯವರೆಗೆ ಒಂದೊಂದೇ ಬ್ಯಾಟರಿಗೆ ಕೈ ಹಚ್ಚುತ್ತ ಬಂದರು. ವರ್ಷಕ್ಕೊಮ್ಮೆ ಮಾಡುವ ಇಡೀ ಅಂಗಡಿಯ ಪೂಜೆಯನ್ನು ಮಧ್ಯಾಹ್ನಕ್ಕೂ ಮುಂಚೆ ಮುಗಿಸಿಬಿಟ್ಟರು. ಬಾಗಿಲಲ್ಲಿ ನಿಂತ ಒಬ್ಬ ಹೆಂಗಸು "ಅಯ್ಯೋ ಶಿವನೆ" ಅಂತ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಅಜ್ಜಿ ಅವಳ ಕಡೆ ನೋಡಲೂ ಇಲ್ಲ. ನಮ್ಮದರ ಮೇಲೆ ಕೈ ಇಟ್ಟು, "ಆತು. ಒಯ್ಯಿ" ಅಂದರು.

ಪರಮೇಶಿ ತನ್ನ ಲಗೇಜ್ ಆಟೋದಲ್ಲಿ ಬ್ಯಾಟರಿ ಹಾಕಿಕೊಂಡು, ಬಾಳೆಕಂದು ಕಟ್ಟಿದ್ದ ಹಾಗೇ, ಹಾರನ್ ಒತ್ತಿಕೊಂಡು ಓಡಿಸಿದ; ನಾಗರಾಜ ಬೈಕಿನಲ್ಲಿ ಹಿಂದೆಯೇ ಬಂದ. ನಾನು ಆಟೋದ ಹಿಂಬದಿಯಲ್ಲಿ ಕೂತು ಬ್ಯಾಟರಿ ಉರುಳದ ಹಾಗೆ ತಬ್ಬಿ ಹಿಡಿದಿದ್ದೆ. ಹೊಂಡದಲ್ಲಿ ಎತ್ತಿ ಹಾಕಿದಾಗ ಆಸಿಡ್ಡು ತುಳುಕಿ ಕೈ ಮೇಲೆ ಬಿತ್ತು. ಆ ಕಲೆ ಇನ್ನೂ ಇದೆ.

ವ್ಯಾನಿನೊಳಗೆ ಅವರು ದಿಂಬಿಗೆ ಒರಗಿ ಬಾಯಿ ತೆರೆದಿದ್ದರು. ಪ್ರತಿ ಉಸಿರಿಗೂ ಭುಜ ಮೇಲಕ್ಕೆ ಹೋಗುತ್ತಿತ್ತು, ಕೊರಳ ನರ ಎಲ್ಲ ಎದ್ದು ಕಾಣುತ್ತಿದ್ದವು. ಅವರು ಯಾವುದು ಬೇಡ ಅಂದಿದ್ದರೋ ಅದೇ. ಗಂಗಮ್ಮ ಅಳುತ್ತ ಬೀಸುತ್ತಿದ್ದಳು. ಪರಮೇಶಿ ಕೈ ಚಾಚಿದ. "ಸರಿ ಅತ್ಲಾಗೆ, ಆ ಮೂಲೆ ನಿನಗೆ ಗೊತ್ತಿಲ್ಲ" ಅಂತ ಮಂಚದ ಕೆಳಗೆ ತೂರಿದೆ. ಬೇರೆಯವರಾದರೆ ದೇವರ ಹೆಸರು ಹೇಳುವ ಹೊತ್ತಿನಲ್ಲಿ ನಾನು ಮೈನಸ್ಸು, ಪ್ಲಸ್ಸು ಅಂತ ಬಾಯಲ್ಲಿ ಹೇಳಿಕೊಳ್ಳುತ್ತಿದ್ದೆ. ಹಳೆಯದನ್ನು ಎಳೆದೆ, ಹೊಸದನ್ನು ನೂಕಿದೆ, ಪ್ಲಸ್ಸು ಬಿಗಿದೆ, ಮೈನಸ್ಸು ಬಿಗಿದೆ, ಗುಂಡಿ ಒತ್ತಿದೆ. ಮಿಷನ್ ಒಮ್ಮೆ ಗುರ್ ಅಂದು ನಿಂತಿತು.

"ಬೂದಿ!" ಅಂತ ಕೂಗಿದ ಪರಮೇಶಿ. "ಅಕ್ಕಾ, ಟರ್ಮಿನಲ್ ಮೇಲೂ ವಿಭೂತಿ ಬಳಿದೀನಿ, ಕಾಂಟ್ಯಾಕ್ಟ್ ಸಿಗ್ತಿಲ್ಲ. ಕೆರೀ ಅದನ್ನ!"

ಹಸಿ ವಿಭೂತಿ ಒಣಗಿ ಸುಣ್ಣದ ಹಾಗೆ ಹಿಡಿದಿತ್ತು. ಮತ್ತೆ ಬಿಚ್ಚಿ ತರಕಾರಿ ಚಾಕುವಿನಲ್ಲಿ ಕೆರೆದೆ. ದೇವರ ಬೂದಿ ಕೆರೆಯುತ್ತಿದ್ದೇನೆ ಅನ್ನುವ ಭಯ ಒಂದಿಷ್ಟೂ ಆಗಲಿಲ್ಲ. ಮೇಲೆ ಅವರ ಉಸಿರಿನ ಸದ್ದು ಕೇಳುತ್ತಿತ್ತು. ಸೀಸ ಹೊಳೆಯುವವರೆಗೆ ಕೆರೆದು ಬಿಗಿದೆ. ಮಿಷನ್ ಗುರ್ ಅಂತು, ಅನ್ನುತ್ತಲೇ ಉಳಿಯಿತು.

ಕೊಳವೆ ಮೂಗಿಗೆ ಇಟ್ಟು, ಎದೆ ಮೇಲೆ ಅಂಗೈ ಇಟ್ಟುಕೊಂಡು ಕೂತೆ. ಬಹಳ ಹೊತ್ತಿನ ಮೇಲೆ ಭುಜ ಇಳಿಯಿತು. ಬಾಯಿ ಮುಚ್ಚಿತು. ಕಣ್ಣು ಬಿಟ್ಟು ನನ್ನನ್ನು ನೋಡಿದರು. ನಾನು ಬೈದೆ. ಹೊಟ್ಟೆಯಲ್ಲಿದ್ದದ್ದು ಎಲ್ಲ ಹೊರಗೆ ಬರುವ ತನಕ ಬೈದೆ. "ನಿಮ್ಮ ಪೂಜೆ, ನಿಮ್ಮ ಹಟ, ನನ್ನ ಬಾಯಲ್ಲಿ ಮಾತು ಕೊಡಿಸಿಕೊಂಡು ನೀವೇ ಅದನ್ನ ಮುರಿಯಾಕೆ ಹೋಗಿದ್ರಲ್ಲ!" ಅಂದೆ. ಪರಮೇಶಿ, ನಾಗರಾಜ ಇಬ್ಬರೂ ಮೆಲ್ಲಗೆ ಹೊರಗೆ ಇಳಿದರು. ನಮ್ಮವರು ಎಲ್ಲ ಕೇಳಿಸಿಕೊಂಡು, ಮಾತು ತಡೆದು ತಡೆದು ಕೇಳಿದ್ದು ಒಂದೇ: "ಪೂಜೆ... ಆಗಿತ್ತಾ?"

"ಆಗಿತ್ತು. ಹಾಲಮ್ಮಜ್ಜಿ ಕದಲಿಸಿ ಕೊಟ್ಟಾರೆ."

ಸಮಾಧಾನ ಆಯಿತು ಅನ್ನುವ ಹಾಗೆ ತಲೆ ಆಡಿಸಿದರು. ಆ ಸಮಾಧಾನ ಕಂಡು ನನಗೆ ಮತ್ತೆ ಸಿಟ್ಟು ಬಂತು. ಇವತ್ತಿಗೂ ಆ ಸಿಟ್ಟು ಹೋಗಿಲ್ಲ. ಅಷ್ಟು ಹೊತ್ತು ಗಾಳಿಯಿಲ್ಲದೆ ಒದ್ದಾಡಿದ್ದೇ ಅವರನ್ನು ಒಯ್ಯಿತೋ, ಹೇಗೂ ಒಯ್ಯುವ ಹೊತ್ತು ಬಂದಿತ್ತೋ, ಯಾರನ್ನು ಕೇಳಲಿ?

ಹೊರಗೆ ಮಳೆ ನಿಂತು ಬಿಸಿಲು ಬಿದ್ದಿತ್ತು. ಹೊಸ ಬ್ಯಾಟರಿ ಹಿಡಿಯಿತೋ ಇಲ್ಲವೋ ನೋಡೋಣ ಅಂತ ನಾಗರಾಜ ಒತ್ತಿದ್ದ ಲೈಟು ಹಾಗೇ ಉರಿಯುತ್ತಿತ್ತು. ಅವರ ಕಣ್ಣು ಅದರ ಮೇಲೆ ಹೋಯಿತು. ಬೆರಳೆತ್ತಿ ತೋರಿಸಿದರು.

"ಆರ್ಸು ಗಿರಿಜಾ. ಚಾರ್ಜು ದಂಡ."

ಆರಿಸಿ ಬಂದು ಮತ್ತೆ ಅಂಗೈ ಇಟ್ಟೆ. ಅವರು ಕಣ್ಣು ಮುಚ್ಚಿದರು. ಉಸಿರು ಒಂದರಿಂದ ಇನ್ನೊಂದು ಸ್ವಲ್ಪ ಸ್ವಲ್ಪ ದೂರ ಹೋಗುತ್ತ ಬಂತು. ತಿಣುಕಾಟ ಇರಲಿಲ್ಲ, ಬಾಯಿ ಬಿಡಲಿಲ್ಲ. ಕಡೆಗೆ ನನ್ನ ಅಂಗೈ ಮೇಲೇಳಲೇ ಇಲ್ಲ. ಮಿಷನ್ ಮಾತ್ರ ಸುಯ್ ಸುಯ್ ಅಂತ ಗಾಳಿ ಬಿಡುತ್ತಲೇ ಇತ್ತು.

ಗಂಗಮ್ಮ ಸೆರಗು ಬಾಯಿಗೆ ತುರುಕಿಕೊಂಡಳು. ನಾಗರಾಜ ಒಳಗೆ ಬಂದು ನೋಡಿ, ತಲೆ ಮೇಲಿನ ಟವೆಲ್ಲು ತೆಗೆದ. ಆಮೇಲೆ ಮಿಷನ್‌ನ ಗುಂಡಿಗೆ ಕೈ ಚಾಚಿದ.

"ಮುಟ್ಟಬ್ಯಾಡ" ಅಂದೆ.

"ಅಕ್ಕಾ... ಇನ್ನ್ಯಾಕೆ?"

ನಾನು ಎದ್ದು ಲೈಟು ಹಾಕಿದೆ. ಒಲೆ ಮೇಲಿನದನ್ನೂ ಹಾಕಿದೆ. ಆ ಮಳೆಗಾಲ ಒಂದು ಸಲವೂ ತಿರುಗದ ಫ್ಯಾನು ಹಾಕಿದೆ, ಅದರ ರೆಕ್ಕೆ ಮೇಲಿನ ಧೂಳು ನಮ್ಮಿಬ್ಬರ ಮೇಲೂ ಉದುರಿತು. ಫೋನು ತಂದು ಚಾರ್ಜಿಗೆ ಚುಚ್ಚಿದೆ. ಆಮೇಲೆ ಅವರ ಪಕ್ಕ ಬಂದು ಕೂತೆ. ಹಾಡುಹಗಲಲ್ಲಿ ಎಲ್ಲ ಉರಿಯುತ್ತಿತ್ತು, ಎಲ್ಲ ತಿರುಗುತ್ತಿತ್ತು, ಬ್ಯಾಟರಿ ಮುಗಿದು ಪೀ ಪೀ ಅಂತ ಕೂಗುವ ತನಕ ನಾನು ಏನನ್ನೂ ಆರಿಸಲಿಲ್ಲ.